ಹಳೆ ಕಾರು: ಬಣ್ಣ ನೋಡಬೇಡಿ, ಬುಡ ನೋಡಿ

ನಮ್ಮದು ಪೋತ್ನಾಳದ ಹತ್ತಿರ ಒಂದು ಸಣ್ಣ ಹಳ್ಳಿ. ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದವರು ನಾವು. ಏಳು ಎಕರೆ ಜಮೀನು. ನಾಲೆ ನೀರು ಬಂದರೆ ನಾಲ್ಕು ಎಕರೆ ಭತ್ತ, ಉಳಿದದ್ದರಲ್ಲಿ ಹತ್ತಿ, ತೊಗರಿ. ಮನೆಯಲ್ಲಿ ಐದು ಮಂದಿ: ಅವ್ವ, ನಾವು ಗಂಡ-ಹೆಂಡತಿ, ಇಬ್ಬರು ಮಕ್ಕಳು. ಅವ್ವನಿಗೆ ಹೃದಯದ ತೊಂದರೆ. ತಿಂಗಳಿಗೊಮ್ಮೆ ರಾಯಚೂರಿಗೆ ತೋರಿಸಲು ಹೋಗಬೇಕು. ಮಾನ್ವಿ ದಾಟಿ ರಾಯಚೂರು ಮುಟ್ಟಲು ಅರವತ್ತು ಕಿಲೋಮೀಟರಿಗೂ ಹೆಚ್ಚು. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಅವಳಿಗಿಲ್ಲ.

ಈ ಕಾರಣಕ್ಕೆ ನಾನು ಎರಡು ಸಲ ಹಳೆ ಕಾರು ಕೊಂಡೆ. ಮೊದಲನೆಯದರಲ್ಲಿ ಮುಳುಗಿದೆ. ಎರಡನೆಯದು ಸುಮಾರು ನಾಲ್ಕು ವರ್ಷದಿಂದ ನಡೆಯುತ್ತಿದೆ. ನಾನು ಮೆಕ್ಯಾನಿಕ್ ಅಲ್ಲ, ರೈತ. ಗೊತ್ತಿಲ್ಲದೆ ನಾನು ಕಳಕೊಂಡದ್ದು ಇನ್ನೊಬ್ಬರು ಕಳಕೊಳ್ಳದಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಕಾರು ಕೊಟ್ಟ ಪೆಟ್ಟು

2018ರ ಡಿಸೆಂಬರ್. ಭತ್ತ ಮಾರಿದ ದುಡ್ಡು ಕೈಯಲ್ಲಿತ್ತು. ಪರಿಚಯದ ದಲ್ಲಾಳಿಯೊಬ್ಬ ಒಂದು ಡೀಸೆಲ್ ಕಾರು ತಂದು ಅಂಗಳದಲ್ಲೇ ನಿಲ್ಲಿಸಿದ. ಕನ್ನಡಿ ಹೊಳೆದಂತೆ ಹೊಳೆಯುತ್ತಿತ್ತು. ಬರುವಾಗಲೇ ಎಂಜಿನ್ ಬಿಸಿಯಾಗಿತ್ತು, ಸೆಲ್ಫ್ ಹೊಡೆದ ತಕ್ಷಣ ಶುರುವಾಯಿತು. ಬೆಲೆ 1,65,000. "ನಾಳೆ ಇನ್ನೊಬ್ರು ಬರ್ತಾರ ಅಣ್ಣಾ, ನಿನ್ ಮುಖ ನೋಡಿ ಮೊದಲ ನಿನಗ ತೋರ್ಸಾಕತ್ತೀನಿ" ಅಂದ. ಅವತ್ತೇ ದುಡ್ಡು ಎಣಿಸಿಕೊಟ್ಟೆ.

ಎರಡು ತಿಂಗಳಿಗೆ ಪಂಪು, ಇಂಜೆಕ್ಟರ್ ಕೆಲಸಕ್ಕೆ ಬಂತು: 28,000. ಆಮೇಲೆ ಎಂಜಿನ್ ಬಿಚ್ಚಬೇಕಾಯಿತು: 34,000. ಟೈರು ನೋಡಲು ಚೆನ್ನಾಗಿದ್ದವು, ಆದರೆ ಹಳೆಯವು, ಬಿಸಿಲಿಗೆ ಬಿರಿದವು: 14,000. ಹೆಸರು ಬದಲಿಸಲು ಹೋದರೆ ಆರ್‌ಸಿಯಲ್ಲಿ ಹಳೆ ಮಾಲೀಕನ ಸಾಲ ಇನ್ನೂ ದಾಖಲಾಗಿಯೇ ಇತ್ತು. ಅದು ಬಗೆಹರಿಯಲು ಏಳು ತಿಂಗಳು ಹಿಡಿಯಿತು.

ದುಡ್ಡಿನ ಮಾತು ಇರಲಿ. ಒಂದು ರಾತ್ರಿ ಅವ್ವನಿಗೆ ಎದೆನೋವು ಬಂತು. ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು. ಮಾನ್ವಿ ದಾಟಿ ಸ್ವಲ್ಪ ದೂರ ಹೋದಾಗ ಎಂಜಿನ್ ಕಾದು ನಿಂತುಬಿಟ್ಟಿತು. ಕತ್ತಲಲ್ಲಿ, ರಸ್ತೆ ಬದಿಯಲ್ಲಿ, ಅವ್ವನ ಕೈ ಹಿಡಿದು ಕುಂತಿದ್ದೆವು. 108ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್ ಬಂತು, ಅವ್ವ ಉಳಿದಳು. ಅವತ್ತು ಎರಡು ಪಾಠ ಕಲಿತೆ. ಒಂದು, ಎದೆನೋವಿನಂಥ ಹೊತ್ತಿನಲ್ಲಿ ಮನೆಯಲ್ಲಿ ಕಾರಿದ್ದರೂ ಮೊದಲು 108ಕ್ಕೆ ಹೇಳಬೇಕು. ಎರಡು, ಕೆಟ್ಟ ಕಾರು ಇರುವುದು ಕಾರು ಇಲ್ಲದಿರುವುದಕ್ಕಿಂತ ಕಷ್ಟ. ಅದನ್ನು ನಂಬಿ ನಾವು ಬೇರೆ ದಾರಿಯನ್ನೇ ಹುಡುಕುವುದಿಲ್ಲ.

ಹದಿನಾಲ್ಕು ತಿಂಗಳಿಗೆ ಅದನ್ನು 85,000ಕ್ಕೆ ಮಾರಿದೆ. ಹಾಕಿದ್ದು ಒಟ್ಟು 2,41,000. ಡೀಸೆಲ್ ಬಿಟ್ಟು ನಷ್ಟ 1,56,000. ನಮಗೆ ಅದು ಎರಡು ವರ್ಷದ ಭತ್ತದ ಉಳಿತಾಯ.

ಕಾರು ಬೇಕೇ? ಮೊದಲು ಲೆಕ್ಕ

ಎರಡನೇ ಸಲ ಕಾರು ನೋಡುವ ಮೊದಲು ಮಗಳ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಈಗಿನ ನನ್ನ ಖರ್ಚಿನ ಪ್ರಕಾರ ಆ ಲೆಕ್ಕ ಹೀಗಿದೆ.

ಕಾರು ನಿಂತೇ ಇದ್ದರೂ ವರ್ಷಕ್ಕೆ ತಿನ್ನುವುದು: ವಿಮೆ 6,000. ಸರ್ವಿಸು, ಟೈರು, ಬ್ಯಾಟರಿಗೆ ಸರಾಸರಿ 13,000. ಬೆಲೆ ಇಳಿಯುವುದು ಸುಮಾರು 20,000. ಒಟ್ಟು 39,000.

ನಮ್ಮೂರಿಂದ ರಾಯಚೂರಿಗೆ ಹೋಗಿಬರಲು ಬಾಡಿಗೆ ಕಾರಿಗೆ 2,600 ರೂಪಾಯಿ ಕೇಳುತ್ತಾರೆ. ನನ್ನ ಕಾರಿಗೆ ಅಷ್ಟೇ ದಾರಿಗೆ ಪೆಟ್ರೋಲ್ ಸುಮಾರು 800. ಒಂದು ಸಲಕ್ಕೆ 1,800 ಉಳಿಯಿತು. 39,000ವನ್ನು 1,800ರಿಂದ ಭಾಗಿಸಿದರೆ 22 ಬರುತ್ತದೆ. ಅಂದರೆ ವರ್ಷಕ್ಕೆ 22 ಸಲಕ್ಕಿಂತ ಕಡಿಮೆ ದೂರದ ಪ್ರಯಾಣ ಇರುವವರಿಗೆ ಬಾಡಿಗೆ ಕಾರೇ ಅಗ್ಗ. ನಮಗೆ ಆಸ್ಪತ್ರೆ, ಸಿಂಧನೂರಿನಲ್ಲಿ ಓದುವ ಮಗ, ಬೀಗರೂರು ಎಲ್ಲ ಸೇರಿ ನಲವತ್ತು ದಾಟುತ್ತದೆ. ಹಾಗಾಗಿ ಕೊಂಡೆ. ನಿಮ್ಮ ಲೆಕ್ಕ ನೀವೇ ಹಾಕಿ. ಪಕ್ಕದ ಮನೆಯವರು ಕೊಂಡರೆಂದು ಕೊಳ್ಳಬೇಡಿ.

ಹನ್ನೆರಡಾಣೆ ಕಾರಿಗೆ, ನಾಲ್ಕಾಣೆ ಕೈಯಲ್ಲಿ

ಇದು ನಾನು ಇಟ್ಟುಕೊಂಡ ನೇಮ. ಕೈಯಲ್ಲಿರುವ ರೂಪಾಯಿಯಲ್ಲಿ ಹನ್ನೆರಡಾಣೆ ಮಾತ್ರ ಕಾರಿನ ಬೆಲೆಗೆ. ಉಳಿದ ನಾಲ್ಕಾಣೆ ಕಾಗದ ಪತ್ರ, ವಿಮೆ, ಮೊದಲ ತಿಂಗಳ ರಿಪೇರಿಗೆ. ಯಾವ ಹಳೆ ಕಾರೂ ಕೊಂಡ ಕೂಡಲೇ ಖರ್ಚು ಕೇಳದೆ ಇರುವುದಿಲ್ಲ. ಇದ್ದದ್ದೆಲ್ಲ ಬೆಲೆಗೇ ಸುರಿದವನು ಬ್ರೇಕಿನ ಕೆಲಸ ಮುಂದಕ್ಕೆ ಹಾಕುತ್ತಾನೆ.

ಸಾಲದ ಬಗ್ಗೆ ಒಂದು ಮಾತು. ಕಾರಿನ ಕಂತು ತಿಂಗಳಿಗೊಮ್ಮೆ ಬರುತ್ತದೆ. ನಮ್ಮ ದುಡ್ಡು ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತದೆ. ಅದೂ ನೀರು ಬಂದರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ಹೇಗೆ ಕುಂತಿದ್ದೆವು ಎಂದು ನೆನಪು ಮಾಡಿಕೊಳ್ಳಿ. ಆ ವಾರ ನನ್ನ ತಲೆ ಮೇಲೆ ಕಾರಿನ ಕಂತು ಇರಲಿಲ್ಲ ಎಂಬುದೇ ಒಂದು ಸಮಾಧಾನ. ಸಾಲ ಮಾಡಲೇಬೇಕಾದರೆ ಬೆಲೆಯ ಅರ್ಧಕ್ಕಿಂತ ಹೆಚ್ಚು ಬೇಡ.

ಯಾವ ಕಾರು?

ಇದಕ್ಕೆ ಉತ್ತರ ಪೇಪರಿನ ಜಾಹೀರಾತಿನಲ್ಲಿಲ್ಲ, ನಿಮ್ಮೂರಿನ ಗ್ಯಾರೇಜಿನಲ್ಲಿದೆ. ನಾನು ಪೋತ್ನಾಳ, ಮಾನ್ವಿ, ಸಿಂಧನೂರಿನ ಮೆಕ್ಯಾನಿಕ್‌ಗಳನ್ನು ಒಂದೇ ಪ್ರಶ್ನೆ ಕೇಳಿದೆ: "ಯಾವ ಗಾಡಿ ಸಾಮಾನು ಅವತ್ತಿಂದವತ್ತೇ ಸಿಗತೈತಿ?" ಎಲ್ಲರ ಬಾಯಲ್ಲೂ ಹೆಚ್ಚುಕಮ್ಮಿ ಅವೇ ಹೆಸರು ಬಂದವು. ಆಲ್ಟೊ, ವ್ಯಾಗನ್‌ಆರ್, ಸ್ವಿಫ್ಟ್, ಸ್ಯಾಂಟ್ರೊ, ಐ10. ರಸ್ತೆ ಮೇಲೆ ಹೆಚ್ಚು ಓಡುವ ಕಾರೇ ರಿಪೇರಿಗೆ ಸುಲಭದ ಕಾರು.

ಕೆಲವು ಕಾರು ಬಹಳ ಅಗ್ಗಕ್ಕೆ ಸಿಗುತ್ತವೆ. ಯಾಕೆಂದು ಕೇಳಿ. ಶೆವ್ರೊಲೆ ಕಂಪನಿ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ, ಡಾಟ್ಸನ್ 2022ರಲ್ಲಿ ನಿಲ್ಲಿಸಿದವು. ಅವುಗಳಲ್ಲೂ ಒಳ್ಳೆಯ ಗಾಡಿಗಳಿವೆ. ಆದರೆ ಒಂದು ಬಿಡಿಭಾಗಕ್ಕೆ ವಾರಗಟ್ಟಲೆ ಕಾಯುವುದು ದೊಡ್ಡ ಊರಿನವರಿಗೆ ನಡೆದೀತು, ನಮಗಲ್ಲ.

ಪೆಟ್ರೋಲೋ ಡೀಸೆಲ್ಲೋ? ವರ್ಷಕ್ಕೆ ಹತ್ತು-ಹನ್ನೆರಡು ಸಾವಿರ ಕಿಲೋಮೀಟರಿನೊಳಗೆ ಓಡಿಸುವವರಿಗೆ ಪೆಟ್ರೋಲೇ ಸಾಕು. ಡೀಸೆಲ್ ಮೈಲೇಜಿನಲ್ಲಿ ಉಳಿಸಿದ್ದನ್ನು ಒಂದೇ ಸಲ ಇಂಜೆಕ್ಟರ್ ಕೆಲಸ ನುಂಗಿಬಿಡುತ್ತದೆ. ನನ್ನ ಮೊದಲ ಕಾರೇ ಸಾಕ್ಷಿ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ದೂರದ ದಾರಿಯಲ್ಲಿ ಬಿಡದೆ ಓಡಿಸದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಊರು-ಹೊಲ ಓಡಾಟಕ್ಕೆ ಅದು ಹೊಂದುವುದಿಲ್ಲ.

ಸುರಕ್ಷತೆಗೆ ವರ್ಷ ನೋಡಿ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಬ್ರೇಕು, ಅದೇ ಜುಲೈನಿಂದ ಚಾಲಕನ ಕಡೆ ಏರ್‌ಬ್ಯಾಗು ಕಡ್ಡಾಯವಾಯಿತು. ಮುಂದೆ ಪಕ್ಕದ ಸೀಟಿಗೂ 2022ರಿಂದ ಎಲ್ಲ ಹೊಸ ಕಾರುಗಳಲ್ಲಿ ಬಂತು. ನನ್ನದು 2014ರ ಗಾಡಿ, ಇವೆರಡೂ ಇಲ್ಲ. ಆಗ ನನ್ನ ದುಡ್ಡಿಗೆ ಅಷ್ಟೇ ಸಿಕ್ಕದ್ದು. ಇವತ್ತು ಕೊಳ್ಳುವವರಿಗೆ ನನ್ನ ಸಲಹೆ: ಮ್ಯೂಜಿಕ್ ಸಿಸ್ಟಮ್, ಅಲಾಯ್ ಚಕ್ರ ಬಿಡಿ. ಅದೇ ದುಡ್ಡಿಗೆ 2019ರ ನಂತರದ್ದು ಸಿಗುತ್ತದಾ ನೋಡಿ.

ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್ ಬೆರೆತು ಬರುತ್ತಿದೆ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ರಬ್ಬರ್ ಭಾಗಗಳನ್ನು ಅದಕ್ಕೆ ಹೊಂದುವಂತೆ ಮಾಡಿರುತ್ತಾರೆ. ಅದಕ್ಕಿಂತ ಹಳೆಯದಾದರೆ ಪೆಟ್ರೋಲ್ ಪೈಪುಗಳು ಬಿರಿದಿವೆಯಾ, ವಾಸನೆ ಬರುತ್ತದಾ ನೋಡಿಸಿ. ಪೈಪು ಬದಲಿಸುವುದು ಸಣ್ಣ ಖರ್ಚು, ಬೆಂಕಿ ಸಣ್ಣದಲ್ಲ.

ಮೊದಲು ಕಾಗದ, ಆಮೇಲೆ ಕಾರು

ಮೊದಲ ಸಲ ನಾನು ಕಾರು ನೋಡಿ ಕಾಗದ ಕೇಳಿದೆ. ಎರಡನೇ ಸಲ ಕಾಗದ ನೋಡದೆ ಕಾರು ನೋಡಲು ಹೋಗಲೇ ಇಲ್ಲ. ನಂಬರ್ ಕೇಳಿ ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ನೋಂದಣಿ ದಿನಾಂಕ, ವಿಮೆ ಎಲ್ಲಿಯವರೆಗೆ, ಸಾಲ ಇದೆಯಾ ಎಂಬುದು ಗೊತ್ತಾಗುತ್ತದೆ. ಮೊಬೈಲು ಬರದಿದ್ದರೆ ಮಕ್ಕಳಿಗೆ ಹೇಳಿ, ಎರಡು ನಿಮಿಷದ ಕೆಲಸ.

ನೋಡಬೇಕಾದವು ಇವು:

1. ಆರ್‌ಸಿಯಲ್ಲಿರುವ ಹೆಸರು ಮತ್ತು ಮಾರುವವನ ಆಧಾರ್ ಹೆಸರು ಒಂದೇ ಇರಬೇಕು. "ನಮ್ ಅಳಿಯಂದು, ನಮ್ ದೋಸ್ತಂದು" ಅಂದರೆ ಆ ಅಳಿಯ, ದೋಸ್ತನೇ ಎದುರಿಗೆ ಬರಲಿ.

2. ಎಷ್ಟನೇ ಮಾಲೀಕ? ಒಂದು ಅಥವಾ ಎರಡು ಕೈ ದಾಟಿದ್ದು ಸರಿ. ಮೂರು-ನಾಲ್ಕು ವರ್ಷದೊಳಗೆ ಮೂರು ಕೈ ದಾಟಿದ್ದರೆ ಗಾಡಿಯಲ್ಲಿ ಏನೋ ಇದೆ.

3. ಸಾಲ ದಾಖಲಾಗಿದ್ದರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. "ಸಾಲ ತೀರೈತಿ, ಕಾಗದ ಆಮೇಲೆ" ಎಂಬ ಮಾತಿಗೇ ನಾನು ಏಳು ತಿಂಗಳು ಅಲೆದದ್ದು.

4. ಛಾಸಿ ನಂಬರು, ಎಂಜಿನ್ ನಂಬರು ಆರ್‌ಸಿಯಲ್ಲಿದ್ದಂತೆಯೇ ಗಾಡಿಯಲ್ಲೂ ಇವೆಯಾ, ಅಕ್ಷರ ಅಕ್ಷರ ತಾಳೆ ನೋಡಿ. ಗ್ಯಾಸ್ ಕಿಟ್ ಕೂಡಿಸಿದ್ದರೆ ಅದೂ ಆರ್‌ಸಿಯಲ್ಲಿ ಏರಿರಬೇಕು.

5. ಹಳೆ ವಿಮೆ ಪಾಲಿಸಿ ಕೇಳಿ. ಅದರಲ್ಲಿ ಎನ್‌ಸಿಬಿ ಎಂದು ಶೇಕಡಾವಾರು ಬರೆದಿರುತ್ತದೆ. ಅಪಘಾತದ ಪರಿಹಾರ ಕೇಳದೆ ವರ್ಷ ಕಳೆದಂತೆ ಅದು 20ರಿಂದ 50ರವರೆಗೆ ಏರುತ್ತದೆ. ಎಂಟು ವರ್ಷದ ಕಾರಿಗೆ ಅದು ಸೊನ್ನೆ ಇದ್ದರೆ ಇತ್ತೀಚೆಗೆ ಪೆಟ್ಟು ಬಿದ್ದಿದೆಯಾ ಎಂದು ಕೇಳಿ. ಆ ಎನ್‌ಸಿಬಿ ನಿಮಗೆ ಬರುವುದಿಲ್ಲ, ಆದರೆ ಗಾಡಿಯ ಕತೆ ಹೇಳುತ್ತದೆ.

6. ಬಾಕಿ ದಂಡ ಇವೆಯಾ? 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಹಾಕಿಸಿದ್ದಾರಾ?

7. ಖಾಸಗಿ ಕಾರಿನ ನೋಂದಣಿ 15 ವರ್ಷ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕವೇ 5,000 ರೂಪಾಯಿ. ಹದಿಮೂರು-ಹದಿನಾಲ್ಕು ವರ್ಷದ ಕಾರು 80,000ಕ್ಕೆ ಸಿಕ್ಕಿತು ಎಂದು ಹಿಗ್ಗುವ ಮುನ್ನ ಇದನ್ನು ಕೂಡಿಸಿ.

ಹೊರರಾಜ್ಯದ ಗಾಡಿ ಎಂಬ ಆಸೆ

ನಮ್ಮ ಜಿಲ್ಲೆಯ ಅಂಚಿಗೆ ತೆಲಂಗಾಣ, ಆಂಧ್ರ. ಹೈದರಾಬಾದಿನಲ್ಲಿ ಅದೇ ಕಾರು ನಲವತ್ತು-ಐವತ್ತು ಸಾವಿರ ಕಡಿಮೆ ಎಂದು ಹೇಳುವವರಿದ್ದಾರೆ. ಬೆಲೆ ಕಡಿಮೆ ಇರಬಹುದು. ಆದರೆ ಅಲ್ಲಿನ ಕಚೇರಿಯಿಂದ ಎನ್‌ಓಸಿ ತರಬೇಕು, ಅದು ಫಾರಂ 28. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಹಾಕಿಸಬೇಕು. ಆಗ ಕರ್ನಾಟಕದ ಜೀವಾವಧಿ ತೆರಿಗೆಯನ್ನು ಗಾಡಿಯ ವಯಸ್ಸಿನ ಪ್ರಕಾರ ಮತ್ತೆ ಕಟ್ಟಬೇಕು. ದುಡ್ಡು ಕೊಡುವ ಮೊದಲೇ ರಾಯಚೂರಿನ ಆರ್‌ಟಿಓ ಕಚೇರಿಗೆ ಆರ್‌ಸಿ ಜೆರಾಕ್ಸ್ ಒಯ್ದು ತೆರಿಗೆ ಎಷ್ಟಾಗುತ್ತದೆ ಎಂದು ಕೇಳಿ ಬನ್ನಿ. ಎಷ್ಟೋ ಸಲ ಉಳಿತಾಯವೆಲ್ಲ ಅಲ್ಲಿಗೇ ಮುಗಿಯುತ್ತದೆ. ಕರ್ನಾಟಕದೊಳಗಿನ ಗಾಡಿಗೆ, ಬೆಂಗಳೂರಿನದಾದರೂ, ಈ ತೆರಿಗೆ ಮತ್ತೆ ಬೀಳುವುದಿಲ್ಲ.

ದೆಹಲಿ ಕಡೆಯ ಗಾಡಿಗಳೂ ಬರುತ್ತವೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನ ಓಡಿಸಬಾರದೆಂಬ ಹಸಿರು ಪೀಠದ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ಆಮೇಲೆ ಅಲ್ಲಿಯ ಹಳೆ ಗಾಡಿಗಳ ಬೆಲೆ ಬಿತ್ತು. ಕೆಟ್ಟದ್ದೆಂದು ಬಿದ್ದದ್ದಲ್ಲ ನಿಜ. ಆದರೆ ಕಾಗದ ಹಿಡಿದು ದೆಹಲಿಗೆ ಅಲೆಯುವವರು ಯಾರು?

ಇನ್ನೊಂದು ಅಪಾಯ ನೀರು ಹೊಕ್ಕ ಗಾಡಿ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ, 2024ರ ಸೆಪ್ಟೆಂಬರಿನಲ್ಲಿ ವಿಜಯವಾಡದಲ್ಲಿ ದೊಡ್ಡ ನೆರೆ ಬಂತು. ಅಂಥ ಕಡೆ ಮುಳುಗಿದ ಕಾರನ್ನು ತೊಳೆದು ಒರೆಸಿ ದೂರದ ಊರಿಗೆ ಸಾಗಿಸುತ್ತಾರೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ, ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಇರುತ್ತದೆ. ಸೀಟಿನ ಕೆಳಗಿನ ನಟ್ಟು-ಬೋಲ್ಟು ತುಕ್ಕು ಹಿಡಿದಿರುತ್ತವೆ. ಕಾಲಡಿಯ ಮ್ಯಾಟು ಎತ್ತಿ ಮೂಸಿ ನೋಡಿ. ಗಾಜು ಮುಚ್ಚಿಟ್ಟ ಕಾರಿನಲ್ಲಿ ಮುಗ್ಗಲು ವಾಸನೆ, ಅದರ ಮೇಲೆ ಸೆಂಟಿನ ವಾಸನೆ ಬಂದರೆ ಹಿಂದಕ್ಕೆ ಬನ್ನಿ.

ನಾಲ್ಕು ಕಾಲು, ಹಲ್ಲು, ನಡಿಗೆ

ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ಎಣಿಸುತ್ತೇವೆ, ಕಾಲು ಎತ್ತಿಸುತ್ತೇವೆ, ನಡೆಸುತ್ತೇವೆ, ನೊಗಕ್ಕೆ ಕಟ್ಟಿ ನೋಡುತ್ತೇವೆ. ಕಾರಿಗೆ ಬಂದಾಗ ಮಾತ್ರ ಯಾಕೋ ಎಲ್ಲ ಮರೆತು ಬಾಗಿಲು ತೆಗೆದು ಕೂರುತ್ತೇವೆ. ಎರಡನೇ ಸಲ ನಮ್ಮ ಮೆಕ್ಯಾನಿಕ್ ಜೊತೆಗೆ ಬಂದಿದ್ದ. ಅವನು ಮೊದಲು ಹೇಳಿದ್ದು ಇದು: "ಅಣ್ಣಾ, ಬಣ್ಣ ನೋಡಬ್ಯಾಡ, ಬುಡ ನೋಡು."

ಹೋಗುವುದು ಮುಂಜಾನೆ. ಹಿಂದಿನ ರಾತ್ರಿಯೇ ಫೋನ್ ಮಾಡಿ, "ನಾವು ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ" ಎಂದು ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಏನೋ ಮುಚ್ಚಿಟ್ಟಿದ್ದಾರೆ. ಮಳೆಯಲ್ಲಿ, ರಾತ್ರಿ ದೀಪದ ಬೆಳಕಿನಲ್ಲಿ, ಆಗತಾನೆ ತೊಳೆದು ನೀರು ಹನಿಯುವಾಗ ನೋಡಬೇಡಿ.

ಮೈ: ಒಂದು ಬದಿಯಲ್ಲಿ ಕೂತು ಉದ್ದಕ್ಕೆ ದಿಟ್ಟಿಸಿ. ಬಣ್ಣ ಒಂದೆಡೆ ಬೇರೆಯಾಗಿದ್ದರೆ, ಬಾಗಿಲ ಸಂದು ಮೇಲೆ ಕಿರಿದು ಕೆಳಗೆ ಅಗಲ ಇದ್ದರೆ ಪೆಟ್ಟು ಬಿದ್ದಿದೆ. ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಪುಟ್ಟಿ ತುಂಬಿದ ಜಾಗಕ್ಕೆ ಅದು ಹಿಡಿಯುವುದಿಲ್ಲ. ಎಲ್ಲ ಗಾಜಿನ ಮೂಲೆಯಲ್ಲಿ ತಯಾರಿಕೆಯ ಗುರುತು ಇರುತ್ತದೆ, ಒಂದು ಮಾತ್ರ ಬೇರೆ ವರ್ಷದ್ದಾದರೆ ಕಾರಣ ಕೇಳಿ. ಬಾನೆಟ್ಟಿನ ಬೋಲ್ಟುಗಳ ಬಣ್ಣ ಎದ್ದಿದ್ದರೆ ಅದನ್ನು ಬಿಚ್ಚಿದ್ದಾರೆ. ಸಣ್ಣ ತರಚು, ಕುಳಿಗೆ ಹೆದರಬೇಡಿ, ಅವು ಬೆಲೆ ಇಳಿಸಲು ಒಳ್ಳೆಯವು. ಛಾಸಿ ಬಾಗಿದ್ದರೆ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ.

ಬುಡ: ಗಾಡಿ ಕೆಳಗೆ ಚಾಪೆ ಹಾಸಿ ಮಲಗಿ ನೋಡಿ. ನಮ್ಮ ಎರೆಮಣ್ಣು ಚಕ್ರದ ಗೂಡಿನಲ್ಲಿ ಮೆತ್ತಿಕೊಂಡು ತಿಂಗಳುಗಟ್ಟಲೆ ಹಸಿ ಹಿಡಿದಿಡುತ್ತದೆ. ಅಲ್ಲಿಂದಲೇ ತುಕ್ಕು ಶುರು. ಬೆರಳಿನಿಂದ ಒತ್ತಿದರೆ ತಗಡು ಉದುರಬಾರದು. ಎಣ್ಣೆ ಹನಿ ಎಲ್ಲಿಂದ ಬರುತ್ತದೆ ನೋಡಿ.

ಟೈರು: ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಆಳವಿದ್ದರೂ ಆರು ವರ್ಷ ದಾಟಿದ ಟೈರು ನಮ್ಮ ಬಿಸಿಲಿಗೆ ನಂಬಲು ಬಾರದು. ಒಂದೇ ಅಂಚು ಸವೆದಿದ್ದರೆ ಮುಂದಿನ ಚಕ್ರದ ಕೆಲಸವಿದೆ.

ಓಡಿದ ಕಿಲೋಮೀಟರು: ಮೀಟರು ಹಿಂದಕ್ಕೆ ತಿರುಗಿಸುವುದು ಈಗ ಸಣ್ಣ ಕೆಲಸ. ಅದರ ಬದಲು ಬ್ರೇಕಿನ ಪೆಡಲ್ ರಬ್ಬರು, ಗೇರಿನ ಹಿಡಿ, ಸ್ಟೇರಿಂಗು, ಚಾಲಕನ ಸೀಟಿನ ಅಂಚು ನೋಡಿ. ಮೂವತ್ತು ಸಾವಿರ ಓಡಿದ ಗಾಡಿಯ ಪೆಡಲ್ ಬೋಳಾಗುವುದಿಲ್ಲ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಲೀಕನೇ ಕೇಳಿದರೆ ಯಾವ ದಿನ ಎಷ್ಟು ಕಿಲೋಮೀಟರಿಗೆ ಗಾಡಿ ಬಂದಿತ್ತೆಂಬ ಪಟ್ಟಿ ಕೊಡುತ್ತಾರೆ. ಕೊಡಿಸಲು ಒಪ್ಪದ ಮಾಲೀಕನ ಗಾಡಿ ಬೇಡ.

ಎಂಜಿನ್: ಎಣ್ಣೆ ತುಂಬುವ ಮುಚ್ಚಳ ತೆಗೆದು ಅಡಿ ನೋಡಿ. ಮಜ್ಜಿಗೆಯಂಥ ಬಿಳಿ ನೊರೆ ದಪ್ಪಗೆ ಮೆತ್ತಿದ್ದರೆ ಎಣ್ಣೆಗೆ ನೀರು ಸೇರಿದೆ. ರೇಡಿಯೇಟರಿನಲ್ಲಿ ಬಣ್ಣದ ಕೂಲಂಟ್ ಇರಬೇಕು, ತುಕ್ಕಿನ ಕೆಂಪು ನೀರಲ್ಲ. ತಣ್ಣಗಿದ್ದಾಗ ಮಾತ್ರ ಅದರ ಮುಚ್ಚಳ ತೆಗೆಯಿರಿ. ಈಗ ಸೆಲ್ಫ್ ಹೊಡೆಯಿಸಿ, ನೀವು ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ. ಚಳಿಗೆ ಸ್ವಲ್ಪ ಬಿಳಿ ಬಂದು ನಿಂತರೆ ಸರಿ, ಬಿಸಿಯಾದ ಮೇಲೂ ದಪ್ಪ ಬಿಳಿ ಬರುತ್ತಿದ್ದರೆ ಕೂಲಂಟ್ ಒಳಗೆ ಸುಡುತ್ತಿದೆ. ಕಪ್ಪಾದರೆ ಇಂಧನ ಹೆಚ್ಚು ಹೋಗುತ್ತಿದೆ. ನೀಲಿಗೂ ದಪ್ಪ ಬಿಳಿಗೂ ಕೈ ಮುಗಿದು ಬನ್ನಿ.

ನಡಿಗೆ: ಅರ್ಧ ತಾಸು ಓಡಿಸಿ. ಐದು ನಿಮಿಷ ಸಾಲದು. ಬಯಲಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋದಾಗ "ಕಟ್ ಕಟ್" ಸದ್ದು ಬಂದರೆ ಮುಂದಿನ ಆಕ್ಸಲ್ ಜಾಯಿಂಟು ಹೋಗಿದೆ. ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆಯಬಾರದು. ನಿಂತಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರು ಹಾಕಿ ಕ್ಲಚ್ಚು ಮೆಲ್ಲಗೆ ಬಿಡಿ. ಎಂಜಿನ್ ತಟ್ಟನೆ ಬಂದ್ ಆದರೆ ಕ್ಲಚ್ಚು ಚೆನ್ನಾಗಿದೆ, ಗುರ್‌ಗುಡುತ್ತಲೇ ಇದ್ದರೆ ಸವೆದಿದೆ. ಕೊನೆಗೆ ಎಸಿ ಹಾಕಿ ನೆಟ್ಟಗಿನ ಬಿಸಿಲಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಬಿಸಿಯ ಮುಳ್ಳು ಏರುತ್ತದಾ ನೋಡಿ. ಇದೊಂದನ್ನು ಮಾಡಿದ್ದರೆ ನನ್ನ ಮೊದಲ ಕಾರು ಅವತ್ತೇ ಸಿಕ್ಕಿಬೀಳುತ್ತಿತ್ತು.

ನಮ್ಮ ಕಡೆಯವರು ಇನ್ನೊಂದು ನೋಡಬೇಕು: ಇಲಿ. ಭತ್ತದ ಚೀಲ ಇರುವ ಮನೆಯ ಗಾಡಿಯಾದರೆ ಬಾನೆಟ್ಟಿನ ಕೆಳಗೆ ಟಾರ್ಚ್ ಹಾಕಿ ವೈರು ಕಡಿದ ಗುರುತು, ಟೇಪು ಸುತ್ತಿದ ಜಾಗ ಹುಡುಕಿ.

ನಾನು ಕೊಂಡದ್ದು

ಎರಡು ತಿಂಗಳಲ್ಲಿ ಒಂಬತ್ತು ಕಾರು ನೋಡಿದೆ. ಐದು ಕಾಗದದಲ್ಲೇ ಬಿದ್ದವು. ಎರಡು ಮುಂಜಾನೆ ಹೊಗೆಯಲ್ಲಿ ಬಿದ್ದವು. ಒಂದಕ್ಕೆ ಮೆಕ್ಯಾನಿಕ್ ಕೆಳಗೆ ಮಲಗಿದವನು ಎದ್ದು ಏನೂ ಹೇಳದೆ ಕೈ ಝಾಡಿಸಿದ. ಒಂಬತ್ತನೆಯದು ನಿವೃತ್ತ ಮೇಷ್ಟ್ರೊಬ್ಬರ 2014ರ ವ್ಯಾಗನ್‌ಆರ್. ಒಂದೇ ಕೈ, ಕೆಎ-36 ನಂಬರು, 52,000 ಕಿಲೋಮೀಟರು, ಸರ್ವಿಸ್ ಚೀಟಿಗಳೆಲ್ಲ ಒಂದು ಫೈಲಿನಲ್ಲಿ. ಬಣ್ಣ ಮಾಸಿತ್ತು, ಹಿಂದಿನ ಬಂಪರಿಗೆ ಬಿರುಕಿತ್ತು. "ಯಾಕ್ ಮಾರ್ತೀರಿ ಸರ್?" ಎಂದು ಕೇಳಿದೆ. "ಕಣ್ಣು ಮೊದಲಿನಂಗ ಕಾಣಂಗಿಲ್ಲಪ್ಪಾ" ಅಂದರು.

2,75,000 ಹೇಳಿದರು. ಸಸ್ಪೆನ್ಶನ್ ಬುಷ್, ಬ್ಯಾಟರಿ, ಎರಡು ಟೈರು ಹಾಕಿಸಬೇಕೆಂದು ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಮುಂದಿಟ್ಟೆ. ಬಾಯಿಮಾತಿಗಿಂತ ಚೀಟಿಗೆ ಬೆಲೆ ಹೆಚ್ಚು. 2,48,000ಕ್ಕೆ ಮುಗಿಯಿತು. ನನ್ನ ಹತ್ತಿರ 3,20,000 ಇತ್ತು. ಹನ್ನೆರಡಾಣೆ ಲೆಕ್ಕಕ್ಕೆ 8,000 ಹೆಚ್ಚಾಯಿತು, ಆದರೂ ಒಪ್ಪಿದೆ. ಹೆಸರು ಬದಲಾವಣೆ, ವಿಮೆಗೆ 9,500. ಮೊದಲ ರಿಪೇರಿಗೆ 21,500. ಒಟ್ಟು 2,79,000. ಮೆಕ್ಯಾನಿಕ್‌ಗೆ ಒಂಬತ್ತು ಕಾರು ನೋಡಿದ್ದಕ್ಕೆ 3,000 ಕೊಟ್ಟೆ. ಅದರಷ್ಟು ಲಾಭದ ಖರ್ಚು ನಾನು ಇನ್ನೊಂದು ಮಾಡಿಲ್ಲ.

ಈಗ ಕೊಳ್ಳುವವರಿಗೆ ಚೌಕಾಶಿಗೆ ಇನ್ನೊಂದು ಮಾತಿದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೆ ಹಳೆಯದೂ ಇಳಿಯಲೇಬೇಕು. ಮೂರು-ನಾಲ್ಕು ವರ್ಷದ ಹಳೆ ಕಾರಿಗೆ ಹೊಸದರ ಹತ್ತಿರದ ಬೆಲೆ ಹೇಳಿದರೆ ಹೊಸದರ ದರ ಕೇಳಿಕೊಂಡೇ ಮಾತಿಗೆ ಕೂರಿ.

ದುಡ್ಡು ಕೊಟ್ಟ ಮೇಲೆ

ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಅವತ್ತೇ ಹಾಕಿಸಿಕೊಳ್ಳಿ. ದುಡ್ಡು ಬ್ಯಾಂಕಿನ ಮೂಲಕ ಕೊಡಿ. ಗಾಡಿ ಕೈಗೆ ಬಂದ ದಿನ, ತಾಸು ಬರೆದು ಇಬ್ಬರೂ ಸಹಿ ಮಾಡಿ. ರಾಜ್ಯದೊಳಗಿನ ಗಾಡಿಯಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕೆಂದು ಕಾಯಿದೆಯಿದೆ. ಮಾರುವವರಿಗೂ ಇದು ಮುಖ್ಯ. ಅಪಘಾತವಾದರೆ ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಮಾರಿ ಮರೆತುಬಿಟ್ಟ ಗಾಡಿಗೆ ಪರಿಹಾರ ಕಟ್ಟುವ ಹೊತ್ತು ಬರಬಾರದು.

ವಿಮೆಯನ್ನೂ 14 ದಿನದಲ್ಲಿ ನಿಮ್ಮ ಹೆಸರಿಗೆ ಮಾಡಿಸಿ. ಎದುರಿನವರಿಗಾದ ನಷ್ಟದ ವಿಮೆ ಗಾಡಿಯ ಜೊತೆಗೇ ಬರುತ್ತದೆ. ನಿಮ್ಮ ಗಾಡಿಯ ನಷ್ಟದ ವಿಮೆ ಹೆಸರು ಬದಲಾಗದೆ ಸಿಗುವುದಿಲ್ಲ.

ಮೊದಲ ವಾರವೇ ಎಂಜಿನ್ ಎಣ್ಣೆ, ಎಣ್ಣೆ-ಗಾಳಿ ಫಿಲ್ಟರು, ಬ್ರೇಕ್ ಎಣ್ಣೆ, ಕೂಲಂಟ್ ಬದಲಿಸಿ. ಮಾರಿದವರು "ಈಗ ಹಾಕ್ಸೇನ್ರಿ" ಅಂದರೂ ಬದಲಿಸಿ. ರೇಡಿಯೇಟರಿಗೆ ಬೋರಿನ ನೀರು ಹಾಕಬೇಡಿ. ನಮ್ಮ ಬೋರಿನ ಗಡಸು ನೀರು ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಿ. ರೇಡಿಯೇಟರಿನ ಒಳಗೂ ಅದೇ ಆಗುತ್ತದೆ. ಭತ್ತ ಒಕ್ಕುವ ಕಾಲದಲ್ಲಿ ಗಾಳಿ ಫಿಲ್ಟರ್ ತಿಂಗಳಿಗೊಮ್ಮೆ ಬಿಚ್ಚಿ ದೂಳು ಕೊಡವಿ. ಗಾಡಿಯನ್ನು ಭತ್ತದ ಚೀಲದ ಹತ್ತಿರ ನಿಲ್ಲಿಸಬೇಡಿ. ವಾರಗಟ್ಟಲೆ ನಿಲ್ಲಿಸಬೇಕಾದರೆ ರಾತ್ರಿ ಬಾನೆಟ್ ಎತ್ತಿಡಿ. ಬೆಳಕು, ಗಾಳಿ ಆಡುವ ಕಡೆ ಇಲಿ ಗೂಡು ಮಾಡುವುದಿಲ್ಲ. ನಾಟಿ ಕಾಲದಲ್ಲಿ ಚಕ್ರದ ಗೂಡಿನ ಕೆಸರು ಅವತ್ತೇ ತೊಳೆಯಿರಿ.

ನನ್ನ ವ್ಯಾಗನ್‌ಆರ್ 2022ರ ಜನವರಿಯಿಂದ ಇಲ್ಲಿಯವರೆಗೆ ಸುಮಾರು 38,000 ಕಿಲೋಮೀಟರು ಓಡಿದೆ. ನಾಲ್ಕು ಟೈರು, ಒಂದು ಬ್ಯಾಟರಿ ಸೇರಿ ಖರ್ಚು 52,000. ದಾರಿಯಲ್ಲಿ ನಿಂತದ್ದು ಒಮ್ಮೆ, ಅದೂ ಪಂಕ್ಚರು.

ಮೊದಲ ಕಾರಿನ ರಾತ್ರಿಯ ನಂತರ ಅವ್ವ ಎರಡು ವರ್ಷ ಯಾವ ಕಾರಿಗೂ ಹತ್ತಲಿಲ್ಲ. ಈ ಕಾರು ತಂದ ದಿನ ಅಂಗಳದಲ್ಲಿ ನಿಂತು ಸುತ್ತಲೂ ನೋಡಿ, "ಇದು ಹಳೇದು ಕಾಣ್ತೈತಲ್ಲೋ" ಅಂದಳು. "ಹೌದವ್ವಾ, ಹಳೇದ" ಅಂದೆ. "ನಿಲ್ಲಂಗಿಲ್ಲಲ್ಲ?" ಎಂದು ಕೇಳಿದಳು. ಆ ಪ್ರಶ್ನೆಗೆ ಹೌದು ಎಂದು ಹೇಳಲು ನಾನು ಒಂಬತ್ತು ಕಾರು ನೋಡಬೇಕಾಯಿತು. ಮರುದಿನ ಮುಂದಿನ ಸೀಟಿನಲ್ಲಿ ಕೂತು ರಾಯಚೂರಿಗೆ ಬಂದಳು. ಮಾನ್ವಿ ದಾಟುವಾಗ ಬಾಗಿಲ ಹಿಡಿ ಗಟ್ಟಿ ಹಿಡಿದಿದ್ದಳು. ಈಗ ಆ ಜಾಗ ಬರುವ ಹೊತ್ತಿಗೆ ನಿದ್ದೆ ಮಾಡಿರುತ್ತಾಳೆ.